ವರದಿ ಮಾಡುವೆನೆಂದು ಹೆದರಿಸಿದ ಹೊಸ ಆಪರೇಟಿಂಗ್ ಸಿಸ್ಟಂಗೆ

ಸಕಲ ವಿದ್ಯಾಸಂಪನ್ನರೂ, ಕಂಡಕಂಡಲ್ಲಿ ಪಾಸ್‌ವರ್ಡ್ ಕೇಳುವವರೂ ಆದ ಹೊಸ ಆಪರೇಟಿಂಗ್ ಸಿಸ್ಟಂ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ರಾಯದುರ್ಗದ ಜೀನ್ಸ್ ಗಾರ್ಮೆಂಟ್ಸ್‌ನಲ್ಲಿ ಪ್ಯಾಂಟಿನ ಸೈಜ್ ಲೇಬಲ್ ಪ್ರಿಂಟ್ ಮಾಡುವ ಲಲಿತಾ ಮಾಡುವ ಸಾವಿರ ನಮಸ್ಕಾರಗಳು. ತಾವು ನಮ್ಮ ಕಂಪ್ಯೂಟರಿಗೆ ದಯಮಾಡಿಸಿ ಇಂದಿಗೆ ಒಂಬತ್ತು ದಿನ. ಹಳೆಯ ಸಿಸ್ಟಂ ಮುದಿಯಾಗಿತ್ತು, ಕೆಲಸದ ನಡುವೆಯೇ ಮೂರ್ಛೆ ಹೋಗುತ್ತಿತ್ತು, ನಿಜ. ಆದರೆ ಎಂಟು ವರ್ಷದಲ್ಲಿ ಒಮ್ಮೆಯೂ ನೀನು ಯಾರೆಂದು ನನ್ನನ್ನು ಕೇಳಿರಲಿಲ್ಲ. ತಾವು ಪುಕ್ಕಟೆ ಬಂದವರಾದರೂ ಬಂದ ದಿನವೇ ಅತ್ತೆಯಂತೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ.

ಪರದೆಯ ಮೇಲೆ ಕಿಟಕಿ ಮುಚ್ಚುವ ಗುರುತನ್ನು ಬಲಗಡೆಯಿಂದ ಎಡಗಡೆಗೆ ಸರಿಸಿದ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕೆಯೂ ಮೂಡದಂತೆ ಮಾಡಿದ್ದಂತೂ ಅದ್ಭುತ. ಕೀಬೋರ್ಡ್ ಕೆಟ್ಟಿತೆಂದು ಬೋರಲು ಹಾಕಿ ತಟ್ಟಿದೆ; ನಾಲ್ಕು ಶೇಂಗಾ ಸಿಪ್ಪೆ ಬಿದ್ದವು, ಪಾಸ್‌ವರ್ಡ್ ಬೀಳಲಿಲ್ಲ.

ಇನ್ನು ಈ ಶನಿವಾರದ ಸಂಗತಿ. ನಮ್ಮ ಸಾಹುಕಾರ ಬೊಮ್ಮಪ್ಪನವರು ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೊರಡುತ್ತ, "ನಾ ಬರೋದ್ರಾಗ ಲೇಬಲ್ ಆಗಿರ್ಬೇಕವ್ವಾ. ಈ ಹೊಸಾದು ನಿನ್ ಕೈಲಿ ಆಗ್ಲಿಲ್ಲಂದ್ರ ಸೋಮವಾರದಿಂದ ದಾರ ಕತ್ತರ್ಸಾಕ ಕುಂದ್ರು" ಎಂದರು. ಪ್ಯಾಂಟಿನಿಂದ ಜೋತಾಡುವ ದಾರ ಕತ್ತರಿಸುತ್ತ ನಾಲ್ಕು ವರ್ಷ ನೆಲದ ಮೇಲೆ ಕೂತು ಬೆನ್ನು ಬಗ್ಗಿಸಿದವಳು ನಾನು. ಈ ಕುರ್ಚಿಯನ್ನು ಕಳೆದುಕೊಳ್ಳಲು ನನಗೆ ಸುತರಾಂ ಇಷ್ಟವಿಲ್ಲ. ಹೆದರುತ್ತಲೇ ಪ್ರಿಂಟರ್ ಜೋಡಿಸಲು ಹೋದರೆ, ನನ್ನ ಹೆಸರು ಅನುಮತಿ ಉಳ್ಳವರ ತಮ್ಮ ಪಟ್ಟಿಯಲ್ಲಿಲ್ಲವೆಂದೂ ಈ ಘಟನೆಯನ್ನು ವರದಿ ಮಾಡಲಾಗುವುದೆಂದೂ ತಾವು ಇಂಗ್ಲಿಷಿನಲ್ಲಿ ಬರೆದಿರಿ. ಅದನ್ನು ಓದಿ ಹೇಳಿದಾಗ ಪಕ್ಕದಲ್ಲಿ ಗುಂಡಿ ಹಾಕುವ ಅಂಬಮ್ಮ, "ಯಾರಿಗ್ ಹೇಳ್ತೈತವ್ವಾ ಅದು, ಪೊಲೀಸ್ರಿಗಾ?" ಎಂದಳು. ಇಬ್ಬರೂ ಬಾಗಿಲು ನೋಡುತ್ತ ಕೂತೆವು. ಯಾರೂ ಬರಲಿಲ್ಲ, ಲೇಬಲ್ಲೂ ಬರಲಿಲ್ಲ.

ಆದಕಾರಣ ತಮ್ಮ ವರದಿ ತಲುಪುವ ಮೊದಲೇ ನನ್ನ ವರದಿಯನ್ನು ಲೋಕದ ಮುಂದಿಡುತ್ತಿದ್ದೇನೆ. ನಾನು ಕದಿಯಲು ಬಂದವಳಲ್ಲ, ಮೂವತ್ನಾಲ್ಕರ ಸೈಜು ಹೊರಡಿಸಲು ಬಂದವಳೆಂದು ತಾವೂ ಒಂದು ಸಾಲು ಸೇರಿಸಬೇಕು. ನನ್ನ ಬೆರಳುಗಳ ಎಂಟು ವರ್ಷದ ರೂಢಿಯನ್ನು ತೆಗೆದು ಹೊಸದನ್ನು ಇನ್‌ಸ್ಟಾಲ್ ಮಾಡಿಕೊಡಬೇಕು. ಸಾಧ್ಯವಾದರೆ ಮುಂದಿನ ಶನಿವಾರ ಸಾಹುಕಾರರೊಂದಿಗೆ ತಾವೂ ನೇಮಕಲ್ಲಿಗೆ ಹೋಗಿ ಸ್ವಲ್ಪ ಸದ್ಬುದ್ಧಿ ಬೇಡಿಕೊಂಡು ಬರಬೇಕು.

ಪಟ್ಟಿಯಲ್ಲಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಲಲಿತಾ

ತಾ.ಕ.: ಸಂಜೆ ಬಂದ ಬೊಮ್ಮಪ್ಪನವರು ನನ್ನನ್ನು ಎಬ್ಬಿಸಿ, ಅದೇ ಕುರ್ಚಿಯಲ್ಲಿ ಸ್ವತಃ ಕೂತು ಮೂರು ಸಲ ಯತ್ನಿಸಿದರು. ಯಜಮಾನರೆಂಬ ಮುಲಾಜೂ ಇಲ್ಲದೆ ತಾವು ಮೂರು ಸಲವೂ ವರದಿ ಮಾಡುವೆನೆಂದಿರಿ. ಸೋಮವಾರ ದಾರ ಕತ್ತರಿಸಲು ಕೂರುವವರು ಯಾರೆಂದು ದಯವಿಟ್ಟು ಬೇಗ ತಿಳಿಸಿ. ಅಂಬಮ್ಮ ಎರಡು ಕತ್ತರಿ ತೆಗೆದಿಟ್ಟಿದ್ದಾಳೆ.