ಸಾಧಾರಣ ಕೆಲಸಗಾರನ ಸರ್ಟಿಫಿಕೇಟು

ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಲ್ಲಿ ನಾನು ಫೋರ್‌ಮನ್. ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಸುರಿದು ಪಂಪಿನ ಬಿಡಿಭಾಗ ಮಾಡುತ್ತೇವೆ. ಆದರೆ ಇಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗುವುದು ಬಿಡಿಭಾಗಗಳಲ್ಲ, ಕೆಲಸಗಾರರು. ಹೀಗಾಗಿ ನಮ್ಮಲ್ಲಿ ತಮಾಷೆಗೆ ಬರವಿಲ್ಲ.

ನಿಧಾನ ಕಲಿಸ್ರಿ

ಒಂದು ಹಿಡಿ ಉಸುಕು ಮುಷ್ಟಿಯಲ್ಲಿ ಅದುಮಿ, ಆ ಮುದ್ದೆಯನ್ನು ಎರಡಾಗಿ ಮುರಿಯಬೇಕು. ಅಂಚು ಉದುರದಿದ್ದರೆ ನೀರು ಸರಿಯಾಗಿದೆ ಎಂದರ್ಥ. ತೇವ ಅಳೆಯುವ ಮೀಟರೂ ಇದೆ, ಆದರೆ ಪಳಗಿದವರು ಕೈಯನ್ನೇ ನಂಬುತ್ತಾರೆ. ಈ ಹದ ಕೈಗೆ ಬರಲು ವರ್ಷಗಳು ಬೇಕು. ಹದ ಬಂದ ಮರುದಿನವೇ ಹುಡುಗರು ಪಾಸ್‌ಪೋರ್ಟಿಗೆ ಫೋಟೊ ತೆಗೆಸುತ್ತಾರೆ.

ಮೂರನೆಯವನು ಹೋದಾಗ ಮಾಲಕರು ನನ್ನನ್ನು ಕರೆದರು. "ನೀವು ಕಲಿಸೂದು ಸ್ವಲ್ಪ ನಿಧಾನ ಮಾಡ್ರಿ."

"ನಿಧಾನ ಕಲಿಸಿದ್ರ ಇನ್ನೂ ಚಲೋ ಕಲೀತಾರ್ರಿ," ಎಂದೆ.

ಊಟದ ಡಬ್ಬಿ

ಖಾನಾಪುರದಿಂದ ದಿನಾ ರೈಲಿನಲ್ಲಿ ಬರುವ ಕಾರಿಗರನೊಬ್ಬನಿದ್ದ. ಹನ್ನೆರಡು ವರ್ಷದ ಕೈ, ಅಂಥದ್ದು ಇನ್ನೊಂದಿಲ್ಲ. ಮಸ್ಕತ್ತಿನ ಕಂಪನಿಯವರು ವಿಡಿಯೊ ಕಾಲಿನಲ್ಲಿ ಪರೀಕ್ಷೆ ಮಾಡುತ್ತಾರೆಂದು ತಿಳಿದು, ಊಟದ ಡಬ್ಬಿಯಲ್ಲೇ ಉಸುಕು ತುಂಬಿಕೊಂಡು ಮನೆಗೆ ಹೋದ. ಪರೀಕ್ಷೆ ಚೆನ್ನಾಗಾಯಿತು.

ಮರುದಿನ ಅದೇ ಡಬ್ಬಿಯಿಂದ ಒಂದು ತುತ್ತು ಪಲ್ಯ ತಿಂದೆ. ಬಾಯೆಲ್ಲ ಕರಕರ. ಅವನು ಶಾಂತವಾಗಿ ಅಗಿಯುತ್ತ, "ಹದ ಮಾತ್ರ ಬರೋಬರಿ ಐತ್ರಿ," ಎಂದ.

ಸರ್ಟಿಫಿಕೇಟು

ಮಸ್ಕತ್ತಿನವರು ಮಾಲಕರ ಪತ್ರ ಕೇಳಿದರು. ಅದಿಲ್ಲದೆ ಕೆಲಸವಿಲ್ಲ. ಮಾಲಕರಿಗೆ ಅವನನ್ನು ಕಳಿಸಲು ಮನಸ್ಸಿಲ್ಲ, ಇಲ್ಲವೆನ್ನಲು ಮುಖವಿಲ್ಲ. ನನಗೆ ಹೇಳಿ ಬರೆಸಿದರು: "ಸಾಧಾರಣ ಕೆಲಸಗಾರ. ಮೀಟರ್ ಮುಟ್ಟಂಗಿಲ್ಲ. ದಿನಾಪೂರ್ತಿ ಉಸುಕಿನ್ಯಾಗ ಕೈ ಇಟ್ಟಿರ್ತಾನ."

ಇಂಗ್ಲಿಷಿನಲ್ಲಿ ಬರೆದೆ. ಅವನಿಗೆ ಇಂಗ್ಲಿಷ್ ಬಾರದು. ಪತ್ರವನ್ನು ಕಣ್ಣಿಗೊತ್ತಿಕೊಂಡು ಕಿಸೆಗಿಟ್ಟ. ನನಗೆ ನಾಚಿಕೆಯಾಯಿತು. ಅವತ್ತು ಅವನ ಮುಖ ನೋಡಲಾಗಲಿಲ್ಲ.

ಆದರೆ ವೀಸಾ ಬಂತು. ಆ ಕಂಪನಿಯ ಅಧಿಕಾರಿ ತಾನೂ ಅಚ್ಚಿನ ಉಸುಕಿನಲ್ಲೇ ಬೆಳೆದವನಂತೆ. ಪತ್ರವನ್ನು ಹಿಂದಿಯಲ್ಲಿ ಇವನಿಗೇ ಓದಿ ಹೇಳಿ, ಮೀಟರ್ ಬಿಟ್ಟು ಕೈ ನಂಬುವವನೇ ತಮಗೆ ಬೇಕಾಗಿತ್ತು ಎಂದನಂತೆ.

ಅವನು ಹೋದ ತಿಂಗಳಲ್ಲೇ ನಾನು ಬಿದ್ದು ಬಲಗೈ ಮುರಿದುಕೊಂಡೆ. ಹದ ನೋಡುವ ಕೈಗಳೇ ಇಲ್ಲದಂತಾಯಿತು. ನನ್ನ ಎಡಗೈಗೆ ಹದ ಸಿಗದು, ಬರೀ ನೋಡಿ ಹೇಳುವಂಥ ಕಣ್ಣು ಅವನೊಬ್ಬನಿಗೇ ಇತ್ತು. ಮೀಟರ್ ಸರಿ ಎಂದರೂ ಅಚ್ಚುಗಳು ಕುಸಿದವು. ಮಾಲಕರು ಸೋತು ಮಸ್ಕತ್ತಿಗೆ ವಿಡಿಯೊ ಕಾಲ್ ಹಚ್ಚಿದರು. ನಾನು ಎಡಗೈಯಲ್ಲಿ ಫೋನ್ ಹಿಡಿದೆ. ಮಾಲಕರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಉಸುಕಿಗೆ ಕೈ ಹಾಕಿದರು.

"ನೀರ ಜಾಸ್ತಿ ಆತ್ರಿ," ಎಂದ ನಮ್ಮ ಕಾರಿಗರ ಅಲ್ಲಿಂದ. ಮತ್ತೊಂದು ಮುದ್ದೆ. "ಈಗ ಕಡಿಮಿ ಆತ್ರಿ."

ಆರನೆಯದು ಅಂಚು ಉದುರದೆ ಮುರಿಯಿತು.

"ಕಲತ್ರಿ ಮಾಲಕ್ರ. ನಿಮಗೂ ಒಂದು ಸರ್ಟಿಫಿಕೇಟ್ ಕೊಡಾಕ ಅಡ್ಡಿ ಇಲ್ಲ."

ಮಾಲಕರು ಬೆವರು ಒರೆಸಿಕೊಂಡು ಹಿಗ್ಗಿನಿಂದ ಕೇಳಿದರು: "ಏನಂತ ಬರೀತಿಯೋ?"

"ಸಾಧಾರಣ ಕೆಲಸಗಾರ ಅಂತ್ರಿ."