ದೀಪದ ಕಂಬದ ಕೆಳಗಿನ ಹಸಿರು ಸೀರೆ

ಕಣ್ಣಾರೆ ಕಂಡದ್ದನ್ನು ನಂಬಬೇಕು ಎನ್ನುವವರು ನಮ್ಮ ಓಣಿಯ ದೀಪದ ಕಂಬದ ಕೆಳಗೆ ಒಮ್ಮೆಯೂ ನಿಂತಿರಲಾರರು. ನಾನು ನಿಂತಿದ್ದೇನೆ, ಅದೂ ಕ್ಯಾಮೆರಾ ಹಿಡಿದು. ಅಂದಿನಿಂದ ನನಗೆ ನನ್ನ ಕಣ್ಣಿನ ಮೇಲೂ ಅದು ತುಂಬಿಟ್ಟ ನೆನಪಿನ ಮೇಲೂ ಅಷ್ಟಾಗಿ ಭರವಸೆಯಿಲ್ಲ.

ಕೊಪ್ಪಳ ಜಿಲ್ಲೆಯಾದ ಹೊಸತು. ನಮ್ಮ ಓಣಿಗೆ ಹಳದಿ ಬೆಳಕಿನ ಸೋಡಿಯಂ ದೀಪ ಬಂದಿತ್ತು, ನನ್ನ ಕೈಗೆ ಕ್ಯಾಮೆರಾ ಬಂದಿತ್ತು. ಫ್ಲ್ಯಾಶ್ ಬಳಸುವವರು ಅವಸರದವರು, ಬೀದಿ ದೀಪದಲ್ಲಿ ತೆಗೆದ ಚಿತ್ರಕ್ಕೇ ಜೀವ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದೆನೆಂದು ಈಗ ಅನ್ನಿಸುತ್ತದೆ. ಎಂ.ಎ. ಮಾಡಿದವನಿಗೆ ಏನನ್ನೇ ಆಗಲಿ ಎಲ್ಲೋ ಓದಿದ್ದೆ ಎಂದುಕೊಂಡರೆ ಧೈರ್ಯ. ಹೀಗಾಗಿ ಹೆಂಡತಿ ಶಾರದೆಯ ಕುಬಸದ, ಅಂದರೆ ಸೀಮಂತದ ದಿನ ಹಗಲೆಲ್ಲ ಒಂದೂ ಫೋಟೋ ತೆಗೆಯದೆ ಕತ್ತಲಾಗುವುದನ್ನೇ ಕಾದೆ. ಜ್ವರ ಬಂದು ಮಲಗಿದ್ದ ಕುಷ್ಟಗಿಯ ಅಕ್ಕ ತಾನು ಬರಲಾಗದೆ ಹಸಿರು ಸೀರೆ ಕಳಿಸಿದ್ದಳು. ಅದನ್ನುಟ್ಟ ಶಾರದೆಯನ್ನು ಕಂಬದ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, "ಅಳ್ಳಾಡಬ್ಯಾಡ, ಉಸಿರು ಹಿಡಿ" ಎಂದೆ.

"ಏಳು ತಿಂಗಳ ಬಸುರಿಗೆ ಉಸಿರು ಹಿಡಿ ಅಂತೀರಲ್ರಿ," ಎಂದು ಅತ್ತೆ ಗೊಣಗಿದರು. "ಇದೇನು ಕ್ಯಾಮೆರಾನೋ ಗೂಗಿನೋ, ಹಗಲೊತ್ತು ಕಣ್ಣ ಕಾಣಂಗಿಲ್ಲ."

ಫೋಟೋ ಬಂತು. ಅದರಲ್ಲಿ ಹಸಿರು ಸೀರೆ ಕೆಸರಿನ ಕಂದು ಬಣ್ಣಕ್ಕೆ ತಿರುಗಿತ್ತು. ನನಗೆ ಅದು ದೋಷವೆನಿಸಲಿಲ್ಲ, ಕಲೆಯೆನಿಸಿತು. ಹೆಮ್ಮೆಯಿಂದ ಅಕ್ಕನಿಗೊಂದು ಪ್ರತಿ ಕಳಿಸಿದೆ. ಅದು ಮುಟ್ಟಿದ ದಿನವೇ ಪಕ್ಕದ ಮನೆಗೆ ಫೋನ್ ಬಂತು.

"ನಾ ಕೊಟ್ಟ ಹಸಿರು ಸೀರಿ ಮೂಲಿಗೆ ಒಗದು, ಕುಬಸದಾಗ ಮಣ್ಣಿನ ಬಣ್ಣದ್ದು ಉಡಿಸೀರಿ. ಆತು ತಮ್ಮಾ. ಕೂಸಿಗೆ ಹೆಸರಿಡಾಕ ಬ್ಯಾರೆ ಯಾರನ್ನರ ಕರಕೋರಿ."

"ದೀಪದ ಬೆಳಕಿಗೆ ಹಂಗ ಬಂದೈತಿ ಅಕ್ಕಾ."

"ದೀಪ ಹಚ್ಚಿದ್ರ ಬಣ್ಣ ಕಾಣತೈತಿ. ಹೋಗತೈತೇನು?"

ಎಲ್ಲೋ ಓದಿದ್ದನ್ನು ನಾನು ನೆನಪಿಸಿಕೊಳ್ಳುವಷ್ಟರಲ್ಲಿ ಅಕ್ಕ ಫೋನ್ ಇಟ್ಟಿದ್ದಳು. ನಮ್ಮಲ್ಲಿ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳುವಾಗ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವುದೂ ಅವಳ ಹಕ್ಕೇ. ನನಗಿರುವುದು ಒಬ್ಬಳೇ ಅಕ್ಕ. ಮಗಳು ಹುಟ್ಟಿದಳು, ಅಕ್ಕ ಬರಲಿಲ್ಲ, ಕೂಸು ಬರೀ ಕೂಸಾಗಿಯೇ ಉಳಿಯಿತು. "ನೀವು ಫೋಟೋ ತಗದ್ರಿ, ಮಗಳ ಹೆಸರು ಹೋತು ನೋಡ್ರಿ" ಎಂದಳು ಶಾರದೆ.

ಕೊನೆಗೆ ಕುಷ್ಟಗಿಗೆ ಹೋಗಿ, "ಹೆಸರು ಇಡಬ್ಯಾಡ, ಕೂಸಿನ ಮುಖ ನೋಡಿ ಹೋಗು" ಎಂದು ಅಂಗಲಾಚಿ ಅಕ್ಕನನ್ನು ಕರೆತಂದೆ. ನಾವು ಓಣಿಗೆ ಬರುವಾಗ ಕಂಬದ ದೀಪ ಹತ್ತಿತ್ತು. ಶಾರದೆ ಬೇಕೆಂದೇ ಅದೇ ಸೀರೆ ಉಟ್ಟಿದ್ದಳು. ಒಳಗಿನ ಟ್ಯೂಬ್‌ಲೈಟಿನಲ್ಲಿ ಹಸಿರಾಗಿದ್ದದ್ದು, ಅವಳು ಕೂಸನ್ನೆತ್ತಿಕೊಂಡು ಹೊರಗೆ ಬರುತ್ತಲೇ ಕಂದಾಯಿತು. ಅಕ್ಕ ಅವಳನ್ನು ಒಳಗೆ ಕಳಿಸಿದಳು, ಮತ್ತೆ ಹೊರಗೆ ಕರೆದಳು, ಮತ್ತೆ ಕಳಿಸಿದಳು. ಆಮೇಲೆ ತನ್ನ ನೀಲಿ ಸೆರಗು ನೋಡಿಕೊಂಡಳು. ಅದು ಮಸಿಯಾಗಿತ್ತು.

"ಅಯ್ಯ, ನಂದೂ ಹೋತಲ್ಲ," ಎಂದು ಕೂಸಿಗೆ ಕೈ ಚಾಚಿದಳು. "ಅಲ್ಲೋ ತಮ್ಮಾ, ನಿಮ್ಮೂರಾಗ ಹಗಲ ಆಗಂಗಿಲ್ಲೇನು?"

ಮರುವಾರ ಅಕ್ಕ ಹೆಸರು ಹೇಳಿದಳು, ಗುದ್ದೂ ತಿಂದಳು. ಹಾಡಹಗಲಲ್ಲಿ ಫೋಟೋ ತೆಗೆದವನು ಸ್ಟುಡಿಯೋದವನು. ಅದು ಅವಳ ಷರತ್ತು.

ಈಗ ಓಣಿಗೆ ಬಿಳಿ ದೀಪ ಬಂದಿದೆ. ಸೀರೆ ಟ್ರಂಕಿನಲ್ಲಿ ಹಸಿರಾಗಿಯೇ ಇದೆ. ಆದರೆ ಕುಬಸದ ದಿನವನ್ನು ನೆನೆದು ಕಣ್ಣು ಮುಚ್ಚಿದರೆ ಶಾರದೆ ಕಂದು ಸೀರೆಯಲ್ಲೇ ಕುಳಿತಿರುತ್ತಾಳೆ. ಈ ಮಾತನ್ನು ನಾನು ಮನೆಯಲ್ಲಿ ಆಡುವುದಿಲ್ಲ. ಮಾತು ಮುಟ್ಟುವುದಕ್ಕೆ ಕುಷ್ಟಗಿ ಅಷ್ಟೇನೂ ದೂರವಿಲ್ಲ.