ಸತ್ತ ರಾಜನ ಮೂರನೆಯ ಚರಣ

ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯ ಜವಾನ ಕೆಂಚಯ್ಯ ಆ ವರ್ಷ ಒಂದು ಘೋರ ಪ್ರತಿಜ್ಞೆ ಮಾಡಿದ. 'ಪದ್ಮಸೇನ ಪರಿಣಯ' ಎಂಬ ಸಿನಿಮಾ ಊರಲ್ಲಿ ಇರುವಷ್ಟು ದಿನವೂ ಅದರ ಒಂದಕ್ಷರ ಕೂಡ ತನ್ನ ಕಿವಿಗೆ ಬೀಳಕೂಡದು.

ಪ್ರತಿಜ್ಞೆ ಮಾಡುವುದು ಸುಲಭವಾಗಿತ್ತು. ತೊಡಕೆಂದರೆ, ಆ ಸಿನಿಮಾ ತೋರಿಸುವ ಟೆಂಟು ನಿಂತಿದ್ದದ್ದು ಅವನ ಮನೆಯ ಹಿತ್ತಿಲಿಗೆ ಮೂವತ್ತು ಗಜ ದೂರದಲ್ಲಿ.

ಅವನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಕೆಂಚಯ್ಯ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿ, ಹಾಸನ, ಹೊಳೆನರಸೀಪುರ, ಅರಕಲಗೂಡು ಅಂತ ಎರಡು ವರ್ಷ ಸುತ್ತಿದ್ದ. ಆ ಕಂಪನಿಗೆ ಅನ್ನ ಹಾಕಿದ್ದೇ 'ಪದ್ಮಸೇನ ಪರಿಣಯ' ನಾಟಕ. ಹಗ್ಗ ಹಿಡಿದು ನಿಂತಲ್ಲೇ ನೂರಾರು ಸಲ ಕೇಳಿ, ರಾಜಕುಮಾರನ ಹಾಡು, ರಾಜಕುಮಾರಿಯ ಅಳು, ಮಂತ್ರಿಯ ಕೆಮ್ಮು ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು. ಈಗ ಅದೇ ನಾಟಕವನ್ನು ಮದರಾಸಿನಲ್ಲಿ ಯಾರೋ ಸಿನಿಮಾ ಮಾಡಿದ್ದರು. ಕೆಂಚಯ್ಯನಿಗೆ ಅದು ಹೆತ್ತ ತಾಯಿಗೆ ಕ್ರಾಪು ಹೊಡೆಸಿದ ಹಾಗೆ ಕಂಡಿತು.

ಆ ಉರಿಗೆ ಎಣ್ಣೆ ಹೊಯ್ದವನು ಬಾಮೈದ ದ್ಯಾವಯ್ಯ. ಅರಕಲಗೂಡಿನಲ್ಲಿ ಅವನದೊಂದು ಸೈಕಲ್ ಷಾಪು. ಈ ಸಿನಿಮಾ ನೋಡುವುದಕ್ಕೆಂದೇ ಅಕ್ಕನ ಮನೆಗೆ ಬಂದು ಕೂತಿದ್ದ. ಬಂದ ದಿನವೇ ನೋಡಿ ಬಂದು, ಊಟದ ಎಲೆಯ ಮುಂದೆ ಶುರು ಮಾಡಿದ.

"ಏನೇ ಅನ್ನು ಬಾವ, ಸಿನಿಮಾದಲ್ಲಿ ದಿಟವಾದ ಕುದ್ರೆ ಕಣಪ್ಪ. ದಿಟವಾದ ವೊಳೆ. ನಿಮ್ಮ ನಾಟಕದಲ್ಲಿ ವೊಳೆ ಅಂದ್ರೆ ಬಟ್ಟೆ ಮ್ಯಾಲೆ ನೀಲಿ ಬಣ್ಣ."

"ಆ ಬಟ್ಟೇನ ಅಲ್ಲಾಡಿಸ್ತಿದ್ದೋನು ನಾನು ಕಣ್ಲಾ," ಎಂದ ಕೆಂಚಯ್ಯ. "ನಾನು ಅಲ್ಲಾಡಿಸಿದ್ರೆ ಮುಂದಿನ ಸಾಲ್ನೋರು ಕಾಲು ಮ್ಯಾಕೆ ಎತ್ಕತಿದ್ರು, ನೆಂದೋಯ್ತದೆ ಅಂತ. ನಮ್ಮ ರಾಜ ಸತ್ತು ಬಿದ್ದಾಗ ಜನ ಒನ್ಸ್ ಮೋರ್ ಅಂದ್ರೆ ಎದ್ದು ಇನ್ನೊಂದು ಸಲ ಆಡಿ ಸಾಯ್ತಿದ್ದ. ನಿಮ್ಮ ಸಿನಿಮಾದೋನು ಏಳ್ತಾನಾ?"

"ಸತ್ತೋನು ಯಾಕೆ ಏಳ್ಬೇಕು?" ಎಂದಳು ಹೆಂಡತಿ ಸಣ್ಣಕ್ಕ, ಸಾರು ಬಡಿಸುತ್ತಾ. "ಒಂದ್ಸಲ ಸಾಯೋಕೆ ನೆಟ್ಟಗೆ ಬರಾಕಿಲ್ವಾ ಅವನ್ಗೆ?"

ಅಕ್ಕ ತಮ್ಮ ಇಬ್ಬರೂ ನಕ್ಕರು. ಕೆಂಚಯ್ಯ ಅನ್ನ ಬಿಟ್ಟು ಎದ್ದ. ಅವತ್ತೇ ಪ್ರತಿಜ್ಞೆಯಾಯಿತು.

ಮಾರನೆಯ ದಿನದಿಂದ ಸಂಜೆ ಆರೂವರೆಗೆ ಟೆಂಟಿನಲ್ಲಿ ರೆಕಾರ್ಡು ಹಾಕುವ ಮೊದಲೇ ಕೆಂಚಯ್ಯ ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಊರಾಚೆ ಇದ್ದ ಸ್ನೇಹಿತ ದೊಡ್ಡಯ್ಯನ ಸೌದೆ ಡಿಪೋಗೆ ಹೋಗಿ ಕೂತುಬಿಡುತ್ತಿದ್ದ. ಕಿವಿಯಲ್ಲಿ ಹತ್ತಿ ಇದ್ದುದರಿಂದ ದೊಡ್ಡಯ್ಯ ಏನು ಕೇಳಿದರೂ ಹೂಂ ಅನ್ನುತ್ತಿದ್ದ. ಒಂದು ವಾರದೊಳಗೆ ಎರಡು ಗಾಡಿ ಹಸಿ ಸೌದೆ ಅವನ ಮನೆಯ ಮುಂದೆ ಬಂದು ಬಿತ್ತು. ಸಣ್ಣಕ್ಕ ಆ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಅಡುಗೆ ಮಾಡುತ್ತಾ, ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದ್ದ ಸಿನಿಮಾವನ್ನು ದಿನವೂ ಕೇಳುತ್ತಿದ್ದಳು. ನೋಡಿರಲಿಲ್ಲ. ಗಂಡ ಬೇಡವೆಂದ ಮೇಲೆ ಹೋಗುವುದು ಹೇಗೆ ಅಂತ ಸುಮ್ಮನಿದ್ದಳು.

ಹದಿಮೂರನೆಯ ದಿನ ಶುಕ್ರವಾರ ಕೆಂಚಯ್ಯ ಮನೆಗೆ ಬೇಗ ಬಂದ. ಡಿಪೋದಲ್ಲಿ ಮೂರನೆಯ ಗಾಡಿ ತುಂಬಿಸುವುದು ಕಣ್ಣಿಗೆ ಬಿದ್ದು, ಹತ್ತಿ ಕಿತ್ತೆಸೆದು ಓಡಿ ಬಂದಿದ್ದ. ಬಂದು ನೋಡಿದರೆ ಮನೆಗೆ ಬೀಗ. ಪಕ್ಕದ ಮನೆಯ ಮಾದಮ್ಮ ಜಗಲಿಯ ಮೇಲಿಂದ ಹೇಳಿದಳು: "ನಿನ್ನೆಂಡ್ರು ತಮ್ಮನ ಜೊತೇಲಿ ಟೆಂಟಿಗೆ ಓದ್ಲು. ನೀನು ಬರೋದ್ರೊಳಗೆ ಬತ್ತೀನಿ ಅಂದ್ಲು."

ಹೊಟ್ಟೆ ಹಸಿದಿತ್ತು. ಬೀಗದ ಕೈ ಟೆಂಟಿನೊಳಗೆ, ಸಣ್ಣಕ್ಕನ ಸೊಂಟದಲ್ಲಿ. ಬೀಗದ ಕೈ ಕೇಳಿಕೊಂಡು ತಕ್ಷಣ ಹೊರಗೆ ಬಂದರೆ ಅದು ಸಿನಿಮಾ ನೋಡಿದ ಹಾಗಲ್ಲ ಅಂತ ತನಗೆ ತಾನೇ ತೀರ್ಪು ಕೊಟ್ಟುಕೊಂಡು ಕೆಂಚಯ್ಯ ನಡೆದ.

ಟೆಂಟಿನಲ್ಲಿ ಗಲಾಟೆಯೋ ಗಲಾಟೆ. ಸಿನಿಮಾ ಶುರುವಾಗಿ ಎರಡು ರೀಲು ಓಡಿದ ಮೇಲೆ ಸೌಂಡಿನ ಪೆಟ್ಟಿಗೆಯಲ್ಲಿ ಒಂದು ವಾಲ್ವು ಸುಟ್ಟುಹೋಗಿತ್ತು. ಬೇರೆಯದು ಬೆಳಗಿನ ಬಸ್ಸಿನಲ್ಲಿ ಹಾಸನದಿಂದ ಬರಬೇಕು. ಟೆಂಟಿನ ಮ್ಯಾನೇಜರ್ ಗುಂಡಯ್ಯ, ಜಟಕಾದಲ್ಲಿ ಕೂತು ಸಿನಿಮಾ ಸಾರುವ ತಗಡಿನ ತುತ್ತೂರಿಯನ್ನು ಬಾಯಿಗಿಟ್ಟುಕೊಂಡು, ಇವತ್ತೊಂದು ದಿನ ಮಾತಿಲ್ಲದೆ ನೋಡಿ ಅಂತ ಬೇಡಿಕೊಳ್ಳುತ್ತಿದ್ದ.

"ಮಾತಿಲ್ದೆ ನೋಡಾಕೆ ಇದೇನು ಗ್ವಾಡೆ ಮ್ಯಾಲಿನ ಪಟವಾ?" ಎಂದು ನೆಲದ ಕ್ಲಾಸಿನಿಂದ ಒಬ್ಬ ಕೂಗಿದ. ಇನ್ನೊಬ್ಬ ಟೆಂಟಿನ ಗೂಟಕ್ಕೆ ಕೈ ಹಾಕಿದ್ದ. ಗುಂಡಯ್ಯನ ಮುಖದಲ್ಲಿ ರಕ್ತವಿರಲಿಲ್ಲ.

ಆಗ ಯಾರೋ ಬಾಗಿಲಲ್ಲಿ ನಿಂತ ಕೆಂಚಯ್ಯನನ್ನು ಕಂಡು, "ಇವನ್ಗೆ ಪೂರಾ ನಾಟಕ ಬತ್ತದೆ ಕಣ್ರಪ್ಪಾ" ಅಂದುಬಿಟ್ಟರು. ಗುಂಡಯ್ಯ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ನಮ್ಮಪ್ಪ, ಪರದೆ ಹಿಂದೆ ನಿಂತ್ಕೊಂಡು ಮಾತಾಡು, ಹಾಡು, ಏನಾರಾ ಮಾಡು. ಟೆಂಟು ಉಳಿದ್ರೆ ಸಾಕು."

ಕೆಂಚಯ್ಯ ಹಸಿವು ಮರೆತ, ಬೀಗದ ಕೈ ಮರೆತ, ತಾನೊಬ್ಬ ಸರ್ಕಾರಿ ನೌಕರ ಎಂಬುದನ್ನೂ ಮರೆತ. ನಾಟಕದ ಮರ್ಯಾದೆ ತೋರಿಸುವ ಗಳಿಗೆ ಇಪ್ಪತ್ತು ವರ್ಷದ ಮೇಲೆ ಬಂದಿತ್ತು. ತುತ್ತೂರಿ ಇಸಿದುಕೊಂಡು ಬಿಳಿ ಪರದೆಯ ಹಿಂದಕ್ಕೆ ಹೋದ. ಅಲ್ಲಿಂದ ಚಿತ್ರ ಎಡಬಲ ಬದಲಾಗಿ ಕಾಣುತ್ತಿತ್ತು, ಅಷ್ಟೆ.

ದೀಪ ಆರಿತು. ತೋಟದಲ್ಲಿ ರಾಜಕುಮಾರ ಪದ್ಮಸೇನ ಬಾಯಿ ತೆರೆದ. "ಬಂದೆನೇ ನಿನ್ನ ಬನಕೆ ಭಾಮಿನೀ..." ಎಂದು ಕೆಂಚಯ್ಯ ಎತ್ತಿದ. ಟೆಂಟು ಗಪ್‌ಚಿಪ್ಪಾಯಿತು. ಗುಂಡಯ್ಯ ಉಸಿರು ಬಿಟ್ಟ.

ಆದರೆ ನಾಟಕದಲ್ಲಿ ಆ ಹಾಡು ಹತ್ತು ನಿಮಿಷದ್ದು. ಪಲ್ಲವಿಯನ್ನೇ ನಾಲ್ಕು ತರಹ ತಿರುವಬೇಕು. ಸಿನಿಮಾದ ರಾಜಕುಮಾರನಿಗೆ ಅಷ್ಟು ಪುರಸತ್ತು ಇರಲಿಲ್ಲ. ಎರಡು ನಿಮಿಷಕ್ಕೆ ಬಾಯಿ ಮುಚ್ಚಿ, ಕುದುರೆ ಹತ್ತಿ ಹೊರಟೇ ಹೋದ. ಹಾಡು ಹಿಂದೆ ಉಳಿಯಿತು. ತೋಟದಲ್ಲಿ ಯಾರೂ ಇಲ್ಲ, ಎರಡು ನವಿಲು. ನವಿಲುಗಳು "ಭಾಮಿನೀ" ಅಂದವು. ಆಮೇಲೆ ಅರಮನೆಯ ಅಡುಗೆಯ ಮುದುಕಿ ಒಬ್ಬಳು ತರಕಾರಿ ಹೆಚ್ಚುತ್ತಾ, ಗಂಡಸಿನ ದನಿಯಲ್ಲಿ, ತನ್ನ ವಿರಹವನ್ನು ಹೇಳಿಕೊಂಡಳು.

ಜನ ನಗಲು ಶುರು ಮಾಡಿದರು. ಮೆಚ್ಚಿ ನಗುತ್ತಿದ್ದಾರೆ ಅಂದುಕೊಂಡ ಕೆಂಚಯ್ಯ ಇನ್ನೊಂದು ಆಲಾಪ ಹಾಕಿದ.

ಮುಂದೆ ಮುದಿ ರಾಜ ಮಂಚದ ಮೇಲೆ ಮಲಗಿ ಎದೆ ಹಿಡಿದುಕೊಂಡ. ಇದು ನಾಟಕದ ಪ್ರಾಣದಂಥ ಜಾಗ. "ಹೋಗಿ ಬರುವೆನು ಮಗಳೇ, ಹೊತ್ತು ಮೀರಿತು" ಎಂಬ ಮೂರು ಚರಣದ ಹಾಡು. ಕೆಂಚಯ್ಯ ಕಣ್ಣು ಮುಚ್ಚಿ, ಕರುಳು ಕಿತ್ತು ಬರುವ ಹಾಗೆ ಹಾಡಿದ. ಕಣ್ಣು ತೆರೆದಾಗ ಅವನು ಎರಡನೆಯ ಚರಣದಲ್ಲಿದ್ದ. ರಾಜ ಚಿತೆಯ ಮೇಲಿದ್ದ. ಅರ್ಧಕ್ಕೆ ನಿಲ್ಲಿಸಿದರೆ ಹಾಡಿಗೆ ಅವಮಾನ ಅಂತ ಮೂರನೆಯ ಚರಣಕ್ಕೆ ಕೈ ಹಾಕಿದ. ಬೆಂಕಿ ಇಟ್ಟರು. ಉರಿಯ ನಡುವೆ ರಾಜ "ಹೋಗಿ ಬರುವೆನು" ಅನ್ನುತ್ತಲೇ ಇದ್ದ.

ನೆಲದ ಕ್ಲಾಸಿನ ಜನ ಮರಳಿನ ಮೇಲೆ ಉರುಳಾಡಿದರು. ಗೂಟ ಹಿಡಿದಿದ್ದವನು ಮಾತ್ರ ನಗಲಿಲ್ಲ. "ಏನು ತಮಾಸೆ ಮಾಡ್ತಿದೀರಾ?" ಎಂದು ಗೂಟ ಅಲ್ಲಾಡಿಸಿದ. ಟೆಂಟಿನ ಒಂದು ಮೂಲೆ ಜೋಲು ಬಿತ್ತು.

ಅಷ್ಟರಲ್ಲಿ ಮೀಸೆಯ ಮನುಷ್ಯನೊಬ್ಬ ರಾಜಕುಮಾರಿ ಚಂಪಾವತಿಯ ಎದುರು ಬಂದು ನಿಂತ. ಮಂತ್ರಿಯೇ ಇರಬೇಕೆಂದು ಕೆಂಚಯ್ಯ, "ತಾಯೇ, ನಿನ್ನ ಉಪ್ಪು ತಿಂದವನು ನಾನು, ನನ್ನ ತಲೆಯಾದರೂ ಕೊಡುವೆ" ಎಂದು ಗದ್ಗದವಾಗಿ ಹೇಳಿದ. ಆ ಮನುಷ್ಯ ಚಂಪಾವತಿಯ ಜುಟ್ಟು ಹಿಡಿದು ಎಳೆದ. ಸಿನಿಮಾದವರು ಹೊಸದಾಗಿ ಸೇರಿಸಿದ್ದ ಖದೀಮ ಸೇನಾಪತಿ ಅವನು.

ಮುಂದೇನು ಎನ್ನುವುದು ಕೆಂಚಯ್ಯನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಕತೆ ಬೇರೆ ಕಡೆಗೆ ಹೋಗಿತ್ತು, ಈ ಕತೆ ಬೇರೆ ಕಡೆಗೆ. ಮೊದಲ ಸಲ, ಈ ಟೆಂಟು ಕಿತ್ತುಕೊಂಡು ತನ್ನ ತಲೆಯ ಮೇಲೇ ಬೀಳುತ್ತದೆ ಅನ್ನಿಸಿತು.

ಹೆಂಗಸರ ಕಡೆಯಿಂದ ಪರದೆ ಎತ್ತಿ ಸಣ್ಣಕ್ಕ ಒಳಗೆ ಬಂದಳು.

"ಬಾಯಿ ಮುಚ್ಚು, ಕೊಡಿಲ್ಲಿ," ಎಂದು ತುತ್ತೂರಿ ಕಿತ್ತುಕೊಂಡಳು. ಚಂಪಾವತಿ ತಿರುಗಿ ನೋಡಿದ್ದೇ ತಡ, "ಎಲೈ ಸೇನಾಪತಿ, ತೆಗೆ ಕೈ. ನಿನ್ನ ಮೀಸೆಗೆ ಬೆಂಕಿ ಬೀಳುವ ದಿನ ದೂರವಿಲ್ಲ" ಎಂದಳು. ಚಂಪಾವತಿಯ ತುಟಿ ಮುಚ್ಚುವುದಕ್ಕೂ ಸಣ್ಣಕ್ಕನ ಮಾತು ಮುಗಿಯುವುದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ನಿಂಗೆಂಗೆ ಗೊತ್ತು?" ಎಂದು ಕೆಂಚಯ್ಯ ಪಿಸುಗುಟ್ಟಿದ.

"ಅನ್ನೆಲ್ಡು ದಿನದಿಂದ ಇದೇ ಕೇಳ್ಕೊಂಡು ಅಡಿಗೆ ಮಾಡಿವ್ನಿ. ಸೇನಾಪತಿ ಜುಟ್ಟು ಇಡಿಯೋವೊತ್ಗೆ ಎಸರು ಕುದೀತದೆ. ಅವಳು ಗಂಡುಡುಪು ಆಕ್ಕಂಡು ಕಾಡಿಗೆ ಓಗೋವೊತ್ಗೆ ಮುದ್ದೆ ತಿರುವ್ತೀನಿ. ಈಗ ಅವನು ನಗ್ತಾನೆ, ನಗು."

ಕೆಂಚಯ್ಯ ನಕ್ಕ. ಸರಿಯಾಗಿ ಸೇನಾಪತಿಯೂ ನಕ್ಕ. ಗೂಟ ಹಿಡಿದಿದ್ದವನು ಕೂತುಕೊಂಡ.

ಆಮೇಲೆ ಒಂದೂವರೆ ಗಂಟೆ ಸಣ್ಣಕ್ಕ ಆಡಿದಳು, ಹಾಡಿದಳು. ಗಂಡನ ಪಕ್ಕೆಗೆ ತಿವಿದು "ಈಗ ಹೂಂ ಅನ್ನು", "ಈಗ ಅಳು", "ಈಗ ಸುಮ್ಕಿರು" ಎಂದು ನಡೆಸಿದಳು. "ಸುಮ್ಕಿರು" ಹೆಚ್ಚಾಗಿತ್ತು. ಕಾಡಿನ ಹಾಡನ್ನು ಅವಳು ಎತ್ತಿಕೊಂಡಾಗ ಕೆಂಚಯ್ಯ ತನ್ನ ಹೆಂಡತಿಗೆ ಇಂಥ ಕಂಠವಿದೆ ಎಂದು ಮದುವೆಯಾಗಿ ಹದಿನಾರು ವರ್ಷಕ್ಕೆ ತಿಳಿದುಕೊಂಡ. ಮನೆಯಲ್ಲಿ ಹಾಡುವ ಹಕ್ಕು ತನ್ನೊಬ್ಬನದೇ ಅಂತ ಅವನು ಅಂದುಕೊಂಡಿದ್ದರಿಂದ ಅವಳು ಬಾಯಿ ತೆರೆಯಲು ಜಾಗವೇ ಇರಲಿಲ್ಲ.

ಕುದುರೆಗಳು ಬಂದಾಗ ಸಣ್ಣಕ್ಕ, "ಎಕ್ಕಡ ತೆಗಿ" ಎಂದಳು. ಕೆಂಚಯ್ಯ ಕಾಲಿನ ಎಕ್ಕಡ ಎರಡನ್ನೂ ಕೈಗೆ ತೆಗೆದುಕೊಂಡು, ಖಾಲಿ ರೀಲಿನ ತಗಡಿನ ಡಬ್ಬಿಯ ಮೇಲೆ ಟಕಟಕ ಬಡಿದ. ಜನ ಶಿಳ್ಳೆ ಹೊಡೆದರು. ಕೊನೆಗೆ ಪರಿಣಯವಾಗಿ ದೀಪ ಹತ್ತಿದಾಗ ಗುಂಡಯ್ಯ ಓಡಿ ಬಂದು ಸಣ್ಣಕ್ಕನ ಕಾಲಿಗೇ ಬಿದ್ದ.

ಹೊರಗೆ ಬಂದ ಕೆಂಚಯ್ಯನಿಗೆ ಎದೆ ಹಗುರಾಯಿತು. ಆ ಹಗುರ ಇದ್ದದ್ದು ಹತ್ತು ಹೆಜ್ಜೆ. ಕುರ್ಚಿ ಕ್ಲಾಸಿನಿಂದ ಸೆರಗು ಬಾಯಿಗಿಟ್ಟುಕೊಂಡು ಜಟಕಾ ಹತ್ತುತ್ತಿದ್ದವರು ಅವನ ಕಚೇರಿಯ ಮೇಲಧಿಕಾರಿ ಅಮಲ್ದಾರರ ಹೆಂಡತಿ ಜಯಲಕ್ಷ್ಮಮ್ಮ. ಅಪ್ಪಣೆಯಿಲ್ಲದೆ ಟೆಂಟಿನಲ್ಲಿ ಕೂಗಾಡಿದ ಜವಾನನ ಕೆಲಸ ಉಳಿಯುತ್ತದೆಯೇ? ಅವನಿಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಶನಿವಾರ ಕಚೇರಿಗೆ ಹೋದ ಕೂಡಲೇ ಅಮಲ್ದಾರರ ಕರೆ ಬಂತು.

"ಕೆಂಚಯ್ಯ, ನಿನ್ನ ಮನೆ ಆ ಟೆಂಟಿನ ಪಕ್ಕದಲ್ಲೇ ಅಲ್ಲವೇನಯ್ಯಾ?"

"ಊಂ ಸಾ."

"ನಿನ್ನೆ ಪರದೆ ಹಿಂದಿನಿಂದ ಯಾರೋ ಹಾಡಿದನಂತೆ. ಚಿತೆಯ ಮೇಲೆ ಹೆಣ ಹಾಡಿತಂತೆ. ಯಾರವನು?"

ಕೆಂಚಯ್ಯನ ಕಣ್ಣ ಮುಂದೆ ಕೆಲಸ, ಮನೆ, ಪಿಂಚಣಿ ಮೂರೂ ಚಿತೆ ಏರಿದವು. "ನಮ್ಮ ಬಾಮೈದ ಸಾ," ಎಂದ. "ಅರಕಲಗೂಡಿನೋನು. ಸೈಕಲ್ ಷಾಪು ಮಡಗವ್ನೆ. ಸರ್ಕಾರಿ ನೌಕರ ಅಲ್ಲ ಸಾ."

"ಕುದುರೆ ಸದ್ದು?"

"ಅದೂ ಅವನೇ ಸಾ."

"ಹೆಂಗಸಿನ ದನಿ?"

"ನಮ್ಮನೆಯವ್ಳು ಸಾ. ತಮ್ಮ ಕಷ್ಟದಲ್ಲವ್ನೆ ಅಂತ ಓದ್ಲು."

"ನೀನೇನು ಮಾಡುತ್ತಿದ್ದೆ?"

"ನಾನು ಬೀಗದ ಕೈ ಕೇಳೋಕೆ ಓಗಿದ್ದೆ ಸಾ."

ಅಮಲ್ದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಮನೆಯವರ ತಾಯಿ ತೀರಿಕೊಂಡು ಎಂಟು ತಿಂಗಳಾಯಿತು ಕಣಯ್ಯ. ಅವತ್ತಿನಿಂದ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಿನ್ನೆ ಊಟಕ್ಕೆ ಕೂತವರು ಎರಡು ಸಲ ಎದ್ದು ಹೋಗಿ ನಕ್ಕು ಬಂದರು." ಹಾಗೆಂದು ಒಂದು ಕಾಗದದ ಪೊಟ್ಟಣ ಮುಂದಕ್ಕೆ ತಳ್ಳಿದರು. "ಹೆಂಗಸಿಗೆ ಸೀರೆ. ಹಾಡಿದವನಿಗೆ ಜರಿ ಪಂಚೆ. ಅವನು ಊರಿಗೆ ಹೋಗುವ ಮೊದಲು ಅದನ್ನು ಉಟ್ಟುಕೊಂಡು ನಮ್ಮ ಮನೆಗೆ ಬಂದು ಮುಖ ತೋರಿಸಿ ಹೋಗಲಿ. ಅವರು ನೋಡಬೇಕಂತೆ."

ಕೆಂಚಯ್ಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕೆಲಸ ಉಳಿದಿತ್ತು. ಆ ನೆಮ್ಮದಿಗೆ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ಪಾಲು ಪಂಚೆಯದು ಅನ್ನುವುದನ್ನು ಅವನು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಸಣ್ಣಕ್ಕ ಗೋಡೆಗೆ ಒರಗಿಕೊಂಡು ನಕ್ಕಳು. ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಭಾನುವಾರ ಬೆಳಗ್ಗೆ ದ್ಯಾವಯ್ಯ ಮಿಂದು, ತಲೆ ಬಾಚಿ, ಎರಡಂಗುಲ ಜರಿಯ ಪಂಚೆ ಉಟ್ಟು, ಅಮಲ್ದಾರರ ಮನೆಗೆ ಹೊರಟು ನಿಂತ. ಬಾಗಿಲ ಹತ್ತಿರ ನಿಂತು ಅಂಚನ್ನು ಒಂದು ಸಲ ನೀವಿಕೊಂಡ.

"ಒಪ್ಕಂಡೆ ಬಾವ," ಎಂದ. "ಏನೇ ಅನ್ನು, ನಾಟಕಾನೇ ಮೇಲು."